ಹನ್ನೆರಡನೆಯ ಕುರ್ಚಿ

ಪಿರಿಯಾಪಟ್ಟಣದ ಟೈಲರ್ ಚೌರಪ್ಪನ ಫಜೀತಿಗೆಲ್ಲ ಕಾರಣ ಅವನ ಹಿಮ್ಮಡಿ. ಈಸ್ಟರಿನ ಹಿಂದಿನ ಗುರುವಾರ ಚರ್ಚಿನಲ್ಲಿ ಹನ್ನೆರಡು ಜನರನ್ನು ಕುರ್ಚಿಯಲ್ಲಿ ಕೂರಿಸಿ, ಯೇಸು ಶಿಷ್ಯರ ಕಾಲು ತೊಳೆದ ಹಾಗೆ ಫಾದರ್ ಅವರ ಕಾಲು ತೊಳೆಯುತ್ತಾರೆ. ಏಳು ವರ್ಷದಿಂದ ಹನ್ನೆರಡನೆಯ ಕುರ್ಚಿ ಚೌರಪ್ಪನದು. ಈ ಸಲವೂ ಹದಿನೈದು ದಿನದಿಂದ ಹಿಮ್ಮಡಿಯನ್ನು ಕಲ್ಲಿಗೆ ತಿಕ್ಕಿ ತಿಕ್ಕಿ ಮಗುವಿನ ಕೆನ್ನೆಯಂತೆ ಮಾಡಿಕೊಂಡಿದ್ದ. ಅಷ್ಟರಲ್ಲಿ ಫಾದರ್ ಹೊಸ ಕಾನೂನು ತಂದರು.

"ಈ ವರ್ಷ ಬರೀ ಕಾಲು ತಂದರೆ ಸಾಲದು. ಯಾರಿಗೂ ಗೊತ್ತಾಗದ ಹಾಗೆ ಒಂದು ಉಪಕಾರ ಮಾಡಿರಬೇಕು. ಶನಿವಾರ ಸಂಜೆ ಪಾಪನಿವೇದನೆಗೆ ಬಂದಾಗ ನನ್ನ ಕಿವಿಗೆ ಮಾತ್ರ ಹೇಳಿ."

ಶನಿವಾರ ಬೆಳಗಾದರೂ ಚೌರಪ್ಪನ ಕೈಯಿಂದ ಉಪಕಾರ ಅನ್ನುವುದು ಹೊರಟಿರಲಿಲ್ಲ.

"ನೀವಾ? ಉಪಕಾರಾನಾ?" ಹೆಂಡತಿ ಪಿಲೋಮಿನಾ ಸೆರಗು ಬಾಯಿಗಿಟ್ಟು ನಕ್ಕಳು. "ಇಪ್ಪತ್ತು ವರ್ಸದಲ್ಲಿ ಒಂದ್ ಬಿಂದಿಗೆ ನೀರು ಎತ್ತಿದೋರಲ್ಲ! ಏನಾರ ಮಾಡ್ಕಳಿ, ಇತ್ತಲಲ್ಲಿರೋ ನೀಲಿ ಡ್ರಮ್ ಮಾತ್ರ ಮುಟ್ಬ್ಯಾಡಿ. ನಲ್ಲಿ ಇನ್ ಮಂಗಳವಾರವೇ ಬರಾದು." ಹೀಗೆ ಹೇಳಿ ಅವಳು ಮಾರ್ಕೆಟ್ಟಿಗೆ ಹೋದಳು.

ಚೌರಪ್ಪ ಬಸ್‌ಸ್ಟ್ಯಾಂಡಿಗೆ ನಡೆದ. ಮುದುಕಿಯೊಬ್ಬಳು ಮೂಟೆಯ ಪಕ್ಕ ನಿಂತಿದ್ದಳು. ಮಾತಾಡಿದರೆ ಗುರುತು ಸಿಕ್ಕೀತೆಂದು ತುಟಿಪಿಟಕ್ಕೆನ್ನದೆ ಮೂಟೆ ಎತ್ತಿ ಬಸ್ಸಿಗೆ ಹಾಕಿದ. ಬಸ್ಸು ಹೊರಟಿತು. ಮುದುಕಿ ನಿಂತಲ್ಲೇ ಬಾಯಿ ಬಡಿದುಕೊಂಡಳು.

"ಅಯ್ಯೋ ನಿನ್ ಮನೆ ಕಾಯ್ವಾಗ! ನಾನ್ ಓಗ್ಬೇಕಾದ್ದು ಕೆ.ಆರ್. ನಗರಕ್ಕೆ ಕಣ್ಲಾ! ಅದು ಎಚ್.ಡಿ. ಕೋಟೆ ಬಸ್ಸು!"

ಆಟೋ ಹತ್ತಿ, ಬಸ್ಸನ್ನು ಅಡ್ಡಗಟ್ಟಿ, ಮೂಟೆ ವಾಪಸ್ ತರುವಷ್ಟರಲ್ಲಿ ಇಡೀ ಸ್ಟ್ಯಾಂಡು ನೆರೆದಿತ್ತು. ಎದುರು ಮನೆಯ ನಿವೃತ್ತ ಮೇಷ್ಟ್ರು ರುದ್ರಸ್ವಾಮಿ ಮೊಬೈಲಿನಲ್ಲಿ ಫೋಟೊ ಹೊಡೆದು ಬೀದಿಯ ವಾಟ್ಸಾಪ್ ಗುಂಪಿಗೂ ಹಾಕಿಯಾಗಿತ್ತು. ಉಪಕಾರ ಆಗಲಿಲ್ಲ, ಊರಿಗೆಲ್ಲ ಗೊತ್ತಂತೂ ಆಯಿತು.

ಬೆವರು ಒರೆಸಿಕೊಂಡು ಮನೆಗೆ ಬಂದವನ ಕಣ್ಣಿಗೆ ಪಕ್ಕದ ಹಿತ್ತಿಲು ಬಿತ್ತು. ಅದು ಕುಳ್ಳಮ್ಮನದು. ಮಂಡಿನೋವಿನ ಒಂಟಿ ಮುದುಕಿ. ಮಾತ್ರೆ ತರಲು ಆಸ್ಪತ್ರೆಗೆ ಹೋಗಿದ್ದಳು. ಅವಳ ಡ್ರಮ್ಮಿನಲ್ಲಿ ಒಂದು ತೊಟ್ಟು ನೀರಿಲ್ಲ. ಇತ್ತ ಹೆಂಡತಿಯ ನೀಲಿ ಡ್ರಮ್ಮು ತುಂಬಿ ತುಳುಕುತ್ತಿತ್ತು. ಚೌರಪ್ಪ ಒಮ್ಮೆ ಆಕಾಶ ನೋಡಿದ, ಒಮ್ಮೆ ತನ್ನ ಹಿಮ್ಮಡಿ ನೋಡಿಕೊಂಡ.

ಬೇಲಿಯ ಸಂದಿಯಲ್ಲಿ ನುಸುಳಿ ನುಸುಳಿ ಹದಿನಾರು ಬಿಂದಿಗೆ ಹೊತ್ತ. ಹದಿನಾರನೆಯದಕ್ಕೆ ಸೊಂಟ ಹಿಡಿದುಕೊಂಡಿತು. ಆದರೂ ಅವನ ಮನಸ್ಸು ಹೂವಿನಷ್ಟು ಹಗುರಾಗಿತ್ತು, ಏಕೆಂದರೆ ಒಂದು ನರಪಿಳ್ಳೆಯೂ ನೋಡಿರಲಿಲ್ಲ.

ಆ ಸಂತೋಷ ಪಿಲೋಮಿನಾ ಮಾರ್ಕೆಟ್ಟಿನಿಂದ ಬರುವವರೆಗೆ ಮಾತ್ರ ಇತ್ತು.

"ಅಯ್ಯಯ್ಯೋ! ನನ್ ಡ್ರಮ್ ನೀರು ಯಾರೋ ಕದ್ದವ್ರೆ!"

ಬೀದಿಯೇ ಹಿತ್ತಿಲಿಗೆ ನುಗ್ಗಿತು. ರುದ್ರಸ್ವಾಮಿ ನೆಲದ ಮೇಲಿನ ಒದ್ದೆ ಗುರುತನ್ನು ಪೊಲೀಸ್ ನಾಯಿಯಂತೆ ಹಿಂಬಾಲಿಸಿ ಕುಳ್ಳಮ್ಮನ ಡ್ರಮ್ಮಿನ ಮುಂದೆ ನಿಂತರು. ಅದೇ ಹೊತ್ತಿಗೆ ಕುಳ್ಳಮ್ಮ ಮಾತ್ರೆಯ ಪೊಟ್ಟಣ ಹಿಡಿದು ಕುಂಟುತ್ತ ಬಂದಳು.

"ಏನ್ ಕುಳ್ಳಮ್ಮ, ಈ ವಯಸ್ನಲ್ಲಿ ನೀರು ಕದಿಯಾದಾ?" ಎಂದರು ಮೇಷ್ಟ್ರು.

ಕುಳ್ಳಮ್ಮ ತುಂಬಿದ ಡ್ರಮ್ ನೋಡಿದಳು, ಪಿಲೋಮಿನಾಳ ಮುಖ ನೋಡಿದಳು, ಮಾತಾಡದೆ ತಲೆ ತಗ್ಗಿಸಿದಳು. ಅವಳ ಕಣ್ಣು ತುಂಬಿತ್ತು. ಚೌರಪ್ಪ ಬಾಯಿ ಬಿಟ್ಟರೆ ಕುರ್ಚಿ ಹೋಗುತ್ತದೆ. ಆದರೆ ಮುದುಕಿಯನ್ನು ಕಳ್ಳಿ ಮಾಡಿ ತೊಳೆಸಿಕೊಂಡ ಕಾಲಿಗೆ ಚಪ್ಪಲಿಯೂ ಅಸಹ್ಯಪಟ್ಟೀತು.

"ನಾನ್ ಕಣ್ರಪ್ಪ ತುಂಬ್ಸಿದ್ದು!" ಪಿಲೋಮಿನಾ ಬಾಯಿ ತೆರೆಯುವ ಮೊದಲೇ ಅವನು ಕೂಗಿದ.

ಎಲ್ಲರೂ ಬಿದ್ದು ಬಿದ್ದು ನಕ್ಕರು.

"ಇವ್ನು ಸೂಜಿಗಿಂತ ಭಾರದ್ದು ಎತ್ತಿದ್ದ ನಾನಂತೂ ಕಾಣೆ," ಎಂದರು ರುದ್ರಸ್ವಾಮಿ.

"ಅಂಗಾರೆ ನೋಡ್ಕಳಿ ಮೇಷ್ಟ್ರೆ!" ಚೌರಪ್ಪ ನೆಟ್ಟಗಾಗಲು ನೋಡಿದ. ಆಗಲಿಲ್ಲ. ಕುಡುಗೋಲಿನಂತೆ ಬಾಗಿದ ಆ ಸೊಂಟವೇ ಸಾಕ್ಷಿಯಾಯಿತು. ರುದ್ರಸ್ವಾಮಿ ಮತ್ತೆ ಮೊಬೈಲು ತೆಗೆದರು.

ಜನ ಚದುರಿದ ಮೇಲೆ ಕುಳ್ಳಮ್ಮ ಪಿಲೋಮಿನಾಳ ಕೈ ಹಿಡಿದುಕೊಂಡಳು. "ನನ್ ಡ್ರಮ್ ಕಾಲಿಯಾದಾಗೆಲ್ಲ ನೀನೇ ಅಲ್ವಾ ತುಂಬ್ಸೋದು? ಇವತ್ತೂ ನೀನೇ ಅನ್ಕಂಡೆ. ಯಾರ್ಗೂ ಏಳ್ಬ್ಯಾಡ ಅಂತ ನೀನೇ ಅಂದಿದ್ದೆ ಕಣವ್ವ, ಕಳ್ಳಿ ಅಂದ್ರೂ ಬಾಯ್ ಬುಡ್ಲಿಲ್ಲ ನಾನು."

ಚೌರಪ್ಪ ಬಗ್ಗಿದಲ್ಲೇ ಬೆಪ್ಪಾದ. ನೀಲಿ ಡ್ರಮ್ಮಿನ ನೀರು ಈಸ್ಟರಿಗೆ ಮುಂಚಿನ ನಲವತ್ತು ದಿನದ ತಪಸ್ಸುಕಾಲ ಶುರುವಾದಾಗಿನಿಂದ ಹೋಗುತ್ತಿದ್ದುದು ಅಲ್ಲಿಗೇ.

ಸಂಜೆ ಅವನು ಪಾಪನಿವೇದನೆಗೆ ಮಂಡಿಯೂರಿದಾಗ ಫಾದರ್ ಕಿವಿ ಕೊಡುವ ಬದಲು ಮೊಬೈಲಿನಲ್ಲಿ ಅವನ ಬಾಗಿದ ಸೊಂಟದ ಫೋಟೊ ತೋರಿಸಿದರು.

"ಇನ್ನೂರು ಜನ ನೋಡಿದ್ದಾರೆ ಚೌರಪ್ಪ. ಕುರ್ಚಿ ಕೊಡೋಕಾಗಲ್ಲ. ಆದರೆ ಗುರುವಾರ ಚರ್ಚಿನ ನಲ್ಲೀಲಿ ನೀರು ಬರಲ್ಲ. ನೀರು ಹೊರೋದರಲ್ಲಿ ನೀವು ಈಗ ಹೆಸರುವಾಸಿ, ಅಲ್ವೇ?"

ಗುರುವಾರ ಚೌರಪ್ಪ ಸೊಂಟಕ್ಕೆ ಪಟ್ಟಿ ಬಿಗಿದು, ಬಿಂದಿಗೆ ಹೊತ್ತು, ಫಾದರ್ ಹಿಂದೆ ಕುರ್ಚಿಯಿಂದ ಕುರ್ಚಿಗೆ ಕುಂಟಿದ. ಮಗುವಿನ ಕೆನ್ನೆಯಂಥ ಹಿಮ್ಮಡಿಯನ್ನು ಯಾರೂ ಕಣ್ಣೆತ್ತಿ ನೋಡಲಿಲ್ಲ. ಹನ್ನೆರಡನೆಯ ಕುರ್ಚಿಯಲ್ಲಿ ಆ ವರ್ಷ ಮೊದಲ ಸಲ ಒಬ್ಬ ಹೆಂಗಸು ಕೂತಿದ್ದಳು. ಅವಳ ಒಡೆದ ಹಿಮ್ಮಡಿಯನ್ನು ಫಾದರ್ ಎಷ್ಟು ಉಜ್ಜಿದರೂ ಮುಗಿಯಲಿಲ್ಲ.

ಪಿಲೋಮಿನಾ ಆ ಕುರ್ಚಿಯಿಂದಲೇ ಗಂಡನ ಕಡೆ ಬಾಗಿ ಮೆಲ್ಲಗೆ ಅಂದಳು:

"ರೀ, ನೀರು ಸಾಲಾಕಿಲ್ಲ. ಇನ್ನೊಂದ್ ಬಿಂದಿಗೆ ತನ್ನಿ."