ಮಾವ ಕಟರ್ ಕೊಂಡದ್ದು

ಮನುಕುಲದ ನಾಗರಿಕತೆ ಬೆಳೆದದ್ದೇ ಆಯುಧಗಳಿಂದ ಎಂದು ಬಲ್ಲವರು ಹೇಳುತ್ತಾರೆ. ಅವರಾರೂ ಕಂಪ್ಲಿಯ ನಮ್ಮ ಸೋದರಮಾವನ ಕೈಯಲ್ಲಿ ಕತ್ತರಿ ಕಂಡವರಲ್ಲ.

ಮಾವ ಅಚ್ಚುಕಟ್ಟಿನ ಭಕ್ತರು. ಹಾಲಿನ ಪಾಕೀಟಿನ ಮೂಲೆಯನ್ನೂ ಗುರುತು ಹಾಕಿಕೊಂಡೇ ಕತ್ತರಿಸುವವರು! ಕಳೆದ ವರ್ಷ ಅತ್ತೆಯ ಬಲಗೈಗೆ ನಡುಕ ಬಂತು; ಬಾಗಿಲ ಮುಂದಿನ ರಂಗೋಲಿ ನಿಂತಿತು. ಅಂಗಡಿಯ ಅಚ್ಚು ತಂದುಕೊಟ್ಟರೆ, "ಇದು ಯಾರ ಮನಿ ರಂಗೋಲಿನೋ ಏನೋ, ನಂಗ ಬ್ಯಾಡ್ರಿ" ಎಂದುಬಿಟ್ಟರು. ಹಾಗಾದರೆ ಅವರದೇ ರಂಗೋಲಿಯ ಅಚ್ಚು ಮಾಡಿಕೊಡುವುದೆಂದು ಮಾವ ಪಣತೊಟ್ಟರು. ತೆಳು ಪ್ಲಾಸ್ಟಿಕ್ ಹಾಳೆಯೇನೋ ಸಿಕ್ಕಿತು. ಕೊಯ್ಯುವುದು ಯಾತರಿಂದ?

ಮೊದಲು ಅತ್ತೆಯ ಕತ್ತರಿ. ಹಾಳೆ ತಿರುವಿನಲ್ಲೇ ಸೀಳಿತು.

"ಕುಪ್ಪಸದ ಬಟ್ಟಿ ಕತ್ತರಿಸೋ ಕತ್ರಿರಿ ಅದು! ಹಾಳಿ ಹೋದ್ರ ಹೋಗ್ಲಿ, ಕತ್ರಿ ಹೋತಲ್ಲ!"

ಅಂದು ಮಾವನಿಗೆ ಚಹಾ ಬಹಳ ತಡವಾಗಿ ಬಂತು. ಆಮೇಲೆ ಗರಗಸದ ಬ್ಲೇಡು. ಅಂಚಿಗೆಲ್ಲ ಹಲ್ಲು ಮೂಡಿದವು. ಆಮೇಲೆ ಕಾಯಿಸಿದ ಚಾಕು; ಹಾಳೆ ಕರಗಿ ಅದಕ್ಕೇ ಅಂಟಿಕೊಂಡು, ಚಾಕು ಅಡಿಗೆಮನೆಯ ಸೇವೆಯಿಂದ ನಿವೃತ್ತವಾಯಿತು.

ಕೊನೆಗೆ ನನ್ನನ್ನೂ ಎಳೆದುಕೊಂಡು ಹೊಸಪೇಟೆ ಬಸ್ಸು ಹತ್ತಿದರು. ಹಾರ್ಡ್‌ವೇರ್ ಅಂಗಡಿಯಲ್ಲಿ ಜೇಬಿನಿಂದ ಪ್ಲಾಸ್ಟಿಕ್ ತುಂಡು ತೆಗೆದು, ಒಂದೊಂದೇ ಕಟರ್ ಹಚ್ಚಿ, ಅಂಚನ್ನು ಬೆರಳಿನಿಂದ ಸವರಿ, ಕಣ್ಣು ಮುಚ್ಚಿ ಧ್ಯಾನಿಸಿದರು. ಏಳನೆಯದಕ್ಕೆ ಅಂಗಡಿಯವರು ಸೋತರು.

"ಯಜಮಾನ್ರ, ಕಟರ್ ತಗೊಳ್ಳಾಕ ಬಂದೀರೋ, ಹೆಣ್ಣು ನೋಡಾಕ ಬಂದೀರೋ?"

"ಹೆಣ್ಣು ಒಂದ ಸಲ ನೋಡಿ ಒಪ್ಪಿದ್ನಪಾ. ಇದಕ್ಕ ಪರೀಕ್ಷಾ ಬೇಕು."

ಒಪ್ಪಿದ್ದು ಎಲ್ಲಕ್ಕಿಂತ ಸಣ್ಣದನ್ನು: ಪೆನ್ನಿನಂತೆ ಹಿಡಿಯುವ, ಚೂಪು ಮೊನೆಯ ಕಟರ್. ಮರಳುವ ಬಸ್ಸಿನಲ್ಲಿ ಬುಕ್ಕಸಾಗರ ದಾಟುವವರೆಗೂ ನನಗೆ ಉಪದೇಶ: "ಒತ್ತಬಾರ್ದಲೇ ಅಳಿಯಾ. ಹಗೂರಕ ಅದ ಗೆರಿ ಮ್ಯಾಲ ನಾಕು ಸಲ ಎಳೀಬೇಕು. ತಾನ ಬಿಡ್ತೈತಿ."

ಅತ್ತೆ ಹೊಸ ಹಾಳೆಯ ಮೇಲೆ ಮಾರ್ಕರ್ ಪೆನ್ನಿನಿಂದ ತಮ್ಮ ರಂಗೋಲಿ ಬರೆದುಕೊಟ್ಟರು. ನಡುಗುವ ಕೈ, ಗೆರೆಗಳೆಲ್ಲ ಅಂಕುಡೊಂಕು. ಬರೆದದ್ದನ್ನು ನೋಡಿ ಅವರೇ ಮುಖ ತಿರುಗಿಸಿದರು.

"ಕೊಯ್ಯುವಾಗ ನೀವ ನೆಟ್ಟಗ ಮಾಡ್ಕೋರಿ."

ಮಾವ ಹಾಳೆ ಎತ್ತಿಕೊಂಡರು. ಎರಡು ದಿನ ಕಿಟಕಿಯ ಬೆಳಕಿಗೆ ಬಗ್ಗಿ ಕುಳಿತು ಕೊಯ್ದರು. ನಾನು ಇಣುಕಿ ನೋಡಿದೆ: ಅತ್ತೆಯ ಕೈ ನಡುಗಿದ ಕಡೆಯೆಲ್ಲ ಕಟರ್ ಕೂಡ ಹಾಗೆಯೇ ಹೊರಳಿತ್ತು. ಒಂದು ಡೊಂಕನ್ನೂ ಬಿಟ್ಟಿರಲಿಲ್ಲ!

"ಮಾವ, ಇದು ಸೊಟ್ಟ ಬಂದೈತಲ್ರಿ?"

"ಆಕಿ ಬರದಂಗ ಬಂದೈತಿ, ಸುಮ್ಕಿರು."

ಮರುದಿನ ಬೆಳಿಗ್ಗೆ ಅತ್ತೆ ಅಚ್ಚನ್ನು ಅಂಗಳದಲ್ಲಿಟ್ಟು, ಎಡಗೈಯಿಂದ ಪುಡಿ ಉದುರಿಸಿ, ಎತ್ತಿ, ತಮ್ಮದೇ ಡೊಂಕುಗಳನ್ನು ಬಗ್ಗಿ ನೋಡಿದರು. ಈಗ ಆ ಮನೆಯ ಮುಂದೆ ದಿನವೂ ರಂಗೋಲಿ ಇರುತ್ತದೆ.