ಬಾತುಕೋಳಿಯ ಬೆನ್ನ ಮೇಲಿನ ಫೋನು

ಹೆಂಡತಿ ಬಿಟ್ಟುಹೋಗುವಾಗ ನಾಯಿಯನ್ನು ಕರೆದುಕೊಂಡು ಹೋದಳು, ಈಜುಕೊಳವನ್ನು ಒಯ್ಯಲಾಗಲಿಲ್ಲ. ಹಾಗಾಗಿ ವೆಂಡೆಲ್ ಕ್ರುಪ್ಕಾನ ಪಾಲಿಗೆ ಉಳಿದದ್ದು ಹಿತ್ತಲ ತುಂಬ ನೀರು.

ಬೇಸಿಗೆಯಲ್ಲಿ ಬೀದಿಯ ಮಕ್ಕಳೆಲ್ಲ ಬಂದು ಕೇಕೆ ಹಾಕುತ್ತಿದ್ದರು. ಸೆಪ್ಟೆಂಬರ್ ಕೊನೆಗೆ ಬರುವುದು ಮೇಪಲ್ ಎಲೆಗಳು ಮಾತ್ರ. ಅದು ಬಿಟ್ಟರೆ ಭಾನುವಾರ ಸಂಜೆ ಆರಕ್ಕೆ ತಂಗಿ ಟ್ರೂಡಿಯ ಫೋನು. ಇಡೀ ವಾರ ವೆಂಡೆಲ್ ಕಾಯುತ್ತಿದ್ದದ್ದು ಆ ಹತ್ತು ನಿಮಿಷಕ್ಕೆ.

ನೀರು ಹೆಪ್ಪುಗಟ್ಟುವ ಚಳಿಗಾಲಕ್ಕೆ ಮುಂಚೆ ಕೊಳಕ್ಕೆ ಹೊದಿಕೆ ಹಾಕಿ ಮುಚ್ಚಬೇಕು. ಕೆಲಸದವರನ್ನು ಕರೆಸಿದರೆ ಗಂಟೆಯೊಳಗೆ ಮುಚ್ಚಿ ಹೋಗುತ್ತಾರೆ. ತಾನೇ ಮುಚ್ಚಲು ಹೊರಟರೆ? ಒಹಾಯೋದಲ್ಲಿ ಅಂಥವನಿಗೆ ಬುದ್ಧಿ ಹೇಳದೆ ಯಾವ ನೆರೆಯವನಿಗೂ ಊಟ ಸೇರದು. ಆ ಭಾನುವಾರ ವೆಂಡೆಲ್ ಬೇಕೆಂದೇ, ಕೊಳಾಯಿಗೆ ಗಾಳಿ ಊದಿ ಉಳಿದ ನೀರು ಹೊರಹಾಕುವ ಯಂತ್ರವನ್ನು ತಲೆಕೆಳಗಾಗಿ ಹಿಡಿದು ನಿಂತ.

ಲೆಕ್ಕ ತಪ್ಪಲಿಲ್ಲ. ಎಡಬೇಲಿಯಿಂದ ಡೆಲ್ಬರ್ಟ್ ಇಳಿದ. ಪಿಸುಗುಟ್ಟಿದರೂ ಮುಂದಿನ ಬೀದಿಗೆ ಕೇಳಿಸುವ ಗಂಟಲು ಅವನದು.

"ಅಯ್ಯೋ ಮಾರಾಯಾ! ಪೈಪ್ ಲೈನ್ ಖಾಲಿ ಮಾಡೋದು ಹಾಗಲ್ಲ!"

"ನನ್ನ ಲೈನು ಯಾವಾಗಲೂ ಖಾಲಿನೇ ಕಣೋ," ಎಂದ ವೆಂಡೆಲ್. "ತಂಗಿ ಬಿಟ್ರೆ ಯಾರೂ ಫೋನ್ ಮಾಡಲ್ಲ."

ಡೆಲ್ಬರ್ಟ್ ಗಾಳಿ ಊದಿದ. ಕೊಳಾಯಿ ಬಾಯಿ ಮುಕ್ಕಳಿಸುವ ಮುದುಕನಂತೆ ಗುಳುಗುಳು ಅಂದು, ಕೊಳೆನೀರನ್ನೆಲ್ಲ ಅವನ ಮುಖಕ್ಕೇ ಉಗುಳಿತು.

ಬಲಬೇಲಿಯಿಂದ ಆರ್ಡಿತ್ ಬಂದಳು. "ಹೊದಿಕೆಯಡಿ ಗಾಳಿದಿಂಬು ತೇಲಿಬಿಡಬೇಕು. ಇಲ್ಲಾಂದ್ರೆ ಐಸು ಉಬ್ಬಿ ಗೋಡೆ ಸೀಳುತ್ತೆ. ದಿಂಬೆಲ್ಲಿ?"

"ಇಲ್ಲ."

"ಇದಿದೆಯಲ್ಲ!" ಎಂದ ಡೆಲ್ಬರ್ಟ್. ಮಕ್ಕಳು ಬಿಟ್ಟುಹೋಗಿದ್ದ, ಕೂತು ತೇಲುವಷ್ಟು ದೊಡ್ಡ ರಬ್ಬರ್ ಬಾತುಕೋಳಿಯನ್ನು ಊದಿದರು. ಬಾತು ಚೆನ್ನಾಗಿಯೇ ಬಾತುಕೊಂಡಿತು. "ಬಗ್ಗಿದ್ರೆ ನಿಮ್ಮ ಫೋನು ನೀರಿಗೆ ಬೀಳುತ್ತೆ, ಕೊಡಿಲ್ಲಿ," ಎಂದು ಆರ್ಡಿತ್ ವೆಂಡೆಲ್ ಕೈಯಿಂದ ಅದನ್ನು ಇಸಿದುಕೊಂಡು ಬಾತುವಿನ ಬೆನ್ನಲ್ಲಿದ್ದ ಲೋಟ ಇಡುವ ಗುಳಿಗೆ ತುರುಕಿದಳು. ಮರುಗಳಿಗೆ ಡೆಲ್ಬರ್ಟ್ ಬಾತುವನ್ನು ಕೊಳಕ್ಕೆ ತಳ್ಳಿದ. ಹೊದಿಕೆ ಎಳೆಯುವುದು ಹೇಗೆಂಬ ಜಗಳದಲ್ಲಿ ಮೂವರೂ ಫೋನನ್ನು ಮರೆತರು.

ಐದೂವರೆಗೆ ಹೊದಿಕೆ ಬಿಗಿಯಾಯಿತು, ಅದು ಹಾರದಂತೆ ಅಂಚಿಗೆ ನೀರು ತುಂಬಿದ ಚೀಲಗಳು ಕೂತವು, ನೆರೆಯವರು ಎದ್ದರು.

"ಒಂದು ಕಪ್ ಕಾಫಿ?" ವೆಂಡೆಲ್ ಕೇಳಿದ.

"ಅಯ್ಯೋ, ಟೀವೀಲಿ ಮ್ಯಾಚಿದೆ," ಎಂದ ಡೆಲ್ಬರ್ಟ್.

"ಒಲೆ ಮೇಲೆ ಸಾರಿದೆ," ಎಂದಳು ಆರ್ಡಿತ್.

ಹಿತ್ತಲು ಮತ್ತೆ ಸುಮ್ಮನಾಯಿತು. ಆರು ಗಂಟೆಗೆ ಕೊಳ ರಿಂಗಣಿಸಿತು.

ವೆಂಡೆಲ್ ಜೇಬು ತಡವಿದ. ಆಮೇಲೆ ಚೀಲಗಳನ್ನು ಒದ್ದು, ಹೊದಿಕೆ ಎತ್ತಿ, ಬಟ್ಟೆಸಮೇತ ಮೆಟ್ಟಿಲಿಳಿದು, ಸೊಂಟದವರೆಗಿನ ತಣ್ಣೀರಲ್ಲಿ ಬಾತುವನ್ನು ಅಪ್ಪಿಹಿಡಿದು ಫೋನೆತ್ತಿದ.

"ಟ್ರೂಡಿ!"

"ಅಣ್ಣಾ, ಒಬ್ಬನೇ ಕೊಳ ಮುಚ್ಚೋಕೆ ಹೋಗ್ಬೇಡ. ಶನಿವಾರ ನಾವೆಲ್ಲ ಬಂದು ಮುಚ್ಚಿಕೊಡ್ತೀವಿ. ಎರಡು ದಿನ ಇರ್ತೀವಿ. ಇನ್ನೂ ಮುಚ್ಚಿಲ್ಲ ತಾನೇ?"

ತಂಗಿ ಬಂದು ಎರಡು ವರ್ಷವಾಗಿತ್ತು.

"ಮುಚ್ಚೋದಾ? ನಾನೀಗ ಕೊಳದೊಳಗೇ ನಿಂತಿದ್ದೀನಿ ಕಣೇ!" ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಬೇಲಿಯ ಮೇಲೆ ತಲೆಯೊಂದು ಮೂಡಿತು.

"ವೆಂಡೆಲ್! ಇಡೀ ದಿನ ಒದ್ದಾಡಿ ಮುಚ್ಚಿಕೊಟ್ವಲ್ಲೋ! ಮತ್ತೆ ಯಾಕೋ ತೆಗೀತಿದ್ದೀಯಾ?"

ಆ ಗಂಟಲು ಫೋನಿನಾಚೆಗೂ ಕೇಳಿಸಿತು.

"ಓ, ಮುಚ್ಚಾಯ್ತಾ! ಒಳ್ಳೇದಾಯ್ತು ಬಿಡಣ್ಣ. ಎಷ್ಟು ಒಳ್ಳೇ ನೆರೆಹೊರೆ ನಿಂದು! ನೀನು ಒಂಟಿ ಅಂತ ನಾನು ಸುಮ್ನೆ ಕೊರಗ್ತಿದ್ದೆ. ಕ್ರಿಸ್‌ಮಸ್ಸಿಗೆ ನೋಡೋಣ, ಆಯ್ತಾ?"

ಲೈನು ಖಾಲಿಯಾಯಿತು. ಡೆಲ್ಬರ್ಟನ ತಲೆಯೂ ಮ್ಯಾಚಿಗೆ ಮರಳಿತು.

ಹೊದಿಕೆಯಡಿ ವೆಂಡೆಲ್ ಇನ್ನೂ ಸ್ವಲ್ಪ ಹೊತ್ತು ನಿಂತಿದ್ದ. ಮಾತಿಗೆ ಉಳಿದದ್ದು ಬಾತು ಒಂದೇ.