ಕೆಂಪು ದಾರದ ಪೆನ್‌ಡ್ರೈವ್

ಇದನ್ನು ಹೇಳಲು ಮಳೆಗಾಲ ಮುಗಿಯಲಿ ಎಂದು ಮುಂದೂಡುತ್ತಲೇ ಬಂದೆ. ನಮ್ಮ ಹೆತ್ತೂರಿನ ಕಡೆ ಮಳೆಗಾಲ ಯಾವಾಗ ಮುಗಿಯಿತೆಂದು ಯಾರೂ ಖಚಿತವಾಗಿ ಹೇಳಲಾರರು. ನನಗೆ ಅದೇ ಅನುಕೂಲವಾಯಿತು.

ನನಗೊಬ್ಬ ಸ್ನೇಹಿತನಿದ್ದ. ಎಸ್ಟೇಟಿನಲ್ಲಿ ಆಳುಗಳ ಹಾಜರಿ ಬರೆಯುವ ರೈಟರ್ ಆಗಿ ನಿವೃತ್ತನಾದವನು. ಸಕಲೇಶಪುರದಿಂದ ಬಿಸಿಲೆಯವರೆಗೆ ಹುಡುಕಿದರೂ ಕೊರಳಲ್ಲಿ ಶಿಲುಬೆಯ ಜೊತೆ ಪೆನ್‌ಡ್ರೈವ್ ನೇತುಹಾಕಿಕೊಂಡ ಇನ್ನೊಬ್ಬ ಸಿಗಲಾರ. ಶಿಲುಬೆ ಅವನನ್ನು ಕಾಯಲು, ಪೆನ್‌ಡ್ರೈವ್ ಊರಿನವರ ಕಂಪ್ಯೂಟರುಗಳನ್ನು ಕಾಯಲು! ಅದರೊಳಗೆ ಕಂಪ್ಯೂಟರನ್ನು ನಡೆಸುವ ಪುಕ್ಕಟೆ ತಂತ್ರಾಂಶ ಲಿನಕ್ಸ್ ಇತ್ತು. ಅದನ್ನು ಚುಚ್ಚಿ ಕಂಪ್ಯೂಟರ್ ಶುರು ಮಾಡಿದರೆ ಹಳೆಯದನ್ನೆಲ್ಲ ಒರೆಸಿ ಲಿನಕ್ಸನ್ನು ಹೊಸದಾಗಿ ಕೂರಿಸಬಹುದು. ಮದುವೆ ಮನೆಗೆ ಹೋದರೆ ಜನ ಹುಡುಗಿಯನ್ನು ನೋಡುತ್ತಿದ್ದರು, ಇವನು ಫೋಟೋದವನ ಲ್ಯಾಪ್‌ಟಾಪ್ ನೋಡುತ್ತಿದ್ದ.

ಕಾಫಿ ವ್ಯಾಪಾರದ ಭಾಯಿಯ ಅಂಗಡಿಗೆ ಒಮ್ಮೆ ನುಗ್ಗಿದ.

"ರೈಟರ್ರೆ, ಕಂಪ್ಯೂಟರ್ ಸರಿಯಾಗೇ ಐತಲ್ಲ, ಯಾಕೆ ಮುಟ್ತೀರಾ?" ಎಂದರು ಭಾಯಿ.

"ಸರಿಯಾಗೈತೆ ಅಂತಲೇ ನಂಗೆ ಅನುಮಾನ."

ಸಂಜೆಯ ಹೊತ್ತಿಗೆ ಲಿನಕ್ಸ್ ಚೆನ್ನಾಗಿ ಕೂತಿತ್ತು, ಪ್ರಿಂಟರ್ ಮಾತ್ರ ಮೌನವ್ರತ ಹಿಡಿದಿತ್ತು. ಭಾಯಿ ಹಬ್ಬಕ್ಕೆ ಅವನನ್ನು ಬಿರಿಯಾನಿಗೆ ಕರೆಯುವುದನ್ನೇನೂ ಬಿಡಲಿಲ್ಲ. "ಪೆನ್‌ಡ್ರೈವ್ ಮನೇಲಿಟ್ಟು ಬನ್ನಿ" ಎಂದು ಸೇರಿಸುತ್ತಿದ್ದರು, ಅಷ್ಟೇ.

ಸ್ವಂತ ಲ್ಯಾಪ್‌ಟಾಪಿನ ಪಾಡಂತೂ ಕೇಳಬೇಡಿ. ಹೊಸ ಲಿನಕ್ಸ್ ಬಂದಾಗಲೆಲ್ಲ ಅದಕ್ಕೆ ಪುನರ್ಜನ್ಮ.

"ನೋಡಣ್ಣ, ಇವ್ರಿಗೆ ನನ್ನೂ ಒರೆಸಿ ಹೊಸದಾಗಿ ಹಾಕ್ಕಳ್ಳೋ ಆಸೆ ಐತೆ" ಎಂದು ಅವನ ಹೆಂಡತಿ ನನ್ನ ಬಳಿ ದೂರುತ್ತಿದ್ದಳು.

"ನಿನ್ನ ಬ್ಯಾಕಪ್ ಎಲ್ಲಿ ಸಿಗ್ತದೆ ಮಾರಾಯ್ತಿ?" ಎನ್ನುತ್ತಿದ್ದ ಇವನು.

ಅವಳು ತೀರಿಕೊಂಡಳು. ಅಡುಗೆಮನೆಯಲ್ಲಿ ಅವಳು ಕೊಂಕಣಿ ಹಾಡು ಹೇಳುತ್ತಾ, ನಡುವೆ ನಿಲ್ಲಿಸಿ ಇವನನ್ನು ಬೈಯುತ್ತಾ ಇದ್ದದ್ದನ್ನು ಇವನು ಕದ್ದು ಫೋನಿನಲ್ಲಿ ಹಿಡಿದಿದ್ದ. ಆ ಫೋನು ಮಳೆಯಲ್ಲಿ ನೆಂದು ಸತ್ತಮೇಲೆ ಅವಳ ದನಿ ಲ್ಯಾಪ್‌ಟಾಪಿನಲ್ಲಷ್ಟೇ ಉಳಿಯಿತು. ಹೊಸ ಲಿನಕ್ಸ್ ಹಾಕುವ ಮುಂಚೆ ಅದನ್ನೊಂದು ಪೆನ್‌ಡ್ರೈವಿಗೆ ಇಳಿಸಿ, ಗುರುತಿಗೆ ಕೆಂಪು ದಾರ ಕಟ್ಟಿ, ಕೆಲಸ ಮುಗಿದ ಮೇಲೆ ವಾಪಸು ತುಂಬುತ್ತಿದ್ದ. ಅವನಲ್ಲಿ ಒಂದೇ ತರಹದ ಕಪ್ಪು ಪೆನ್‌ಡ್ರೈವುಗಳು ಹಲವಿದ್ದವು. ಮಳೆಗೆ ಬೂಷ್ಟು ಹಿಡಿಯದಿರಲೆಂದು ಎಲ್ಲವನ್ನೂ ಹುರಿದ ಕಾಫಿ ಬೀಜದ ಡಬ್ಬಿಯಲ್ಲಿ ಹೂತಿಡುತ್ತಿದ್ದ. ಅವನ ಲಿನಕ್ಸಿಗೂ ಕಾಫಿಯ ಘಮ.

ಅಂಥದೇ ಒಂದು ದಿನ ನಾನು ಅಲ್ಲಿದ್ದೆ. ದನಿಯನ್ನು ಇಳಿಸಿ, ದಾರ ಕಟ್ಟಿ, ಡಬ್ಬಿಯೊಳಗಿಟ್ಟು ಅವನು ಕಾಫಿ ಮಾಡಲು ಒಳಗೆ ಹೋದ. ನನ್ನ ಕನ್ನಡಕದ ತಿರುಪು ಬಿದ್ದು ಕಾಲೊಂದು ಜೋತಾಡುತ್ತಿತ್ತು. ಡಬ್ಬಿಯಲ್ಲಿ ಕೆಂಪು ದಾರ ಕಂಡಿತು. ಅದು ಯಾಕಿದೆಯೆಂದು ನನಗೆ ಗೊತ್ತಿತ್ತು. ಬೇರೆ ದಾರ ಆಮೇಲೆ ಕಟ್ಟಿದರಾಯಿತು ಎಂದುಕೊಂಡು, ಅದನ್ನು ಬಿಚ್ಚಿ ಕನ್ನಡಕಕ್ಕೆ ಸುತ್ತಿದೆ. ಕಾಫಿ ಬಂತು, ಹರಟೆ ಬಂತು, ಮರೆತೆ.

ಅವನು ದಾರವಿಲ್ಲದ್ದೊಂದನ್ನು ಡಬ್ಬಿಯಿಂದ ತೆಗೆದು, ಅದರಲ್ಲಿದ್ದುದನ್ನೆಲ್ಲ ಅಳಿಸಿ ಹೊಸ ಲಿನಕ್ಸ್ ಬರೆದ. ಅದನ್ನೇ ಚುಚ್ಚಿ ಲ್ಯಾಪ್‌ಟಾಪನ್ನು ಪೂರ್ತಿ ಒರೆಸಿದ. ಆಮೇಲೆ ಕೆಂಪು ದಾರ ಹುಡುಕಿದ. ಬೀಜವನ್ನೆಲ್ಲ ಮೇಜಿನ ಮೇಲೆ ಸುರಿದು, ಒಂದೊಂದೇ ಪೆನ್‌ಡ್ರೈವ್ ಹಾಕಿ ನೋಡಿದ. ಯಾವುದರಲ್ಲೂ ಅವಳಿರಲಿಲ್ಲ.

"ದಾರ ಕಟ್ಟೋದೇ ಮರೆತ್ಬುಟ್ನಾ ಮಾರಾಯ?"

ನಾನು ಮೆಲ್ಲಗೆ ಕನ್ನಡಕ ತೆಗೆದು ಜೇಬಿಗಿಟ್ಟುಕೊಂಡೆ.

"ವಯಸ್ಸಾಯ್ತಲ್ಲ ಕಣೋ ನಿಂಗೆ" ಎಂದೆ.

ಆಮೇಲೆ ಅವನು ಯಾರ ಕಂಪ್ಯೂಟರನ್ನೂ ಮುಟ್ಟಲಿಲ್ಲ. ಕೊರಳಲ್ಲಿ ಶಿಲುಬೆ ಒಂದೇ ಉಳಿಯಿತು. ಕರೆದವರಿಗೆ, "ಇರೋದು ಇರ್ಲಿ ಬುಡಿ" ಎನ್ನುತ್ತಿದ್ದ.

ಒಂದು ಮಧ್ಯಾಹ್ನ ನಮ್ಮ ಮನೆಗೆ ಬಂದ. ಜೇಬಿನಿಂದ ಸಣ್ಣ ತಿರುಪೊಂದನ್ನು ತೆಗೆದು, "ಕೊಡಿಲ್ಲಿ ಕನ್ನಡಕ" ಎಂದ. ಅದಕ್ಕೆ ಇನ್ನೂ ಸುತ್ತಿದ್ದ ಕೆಂಪು ದಾರವನ್ನು ಹರಿಯಲಿಲ್ಲ, ನಿಧಾನವಾಗಿ ಬಿಚ್ಚಿ ಬೆರಳಿಗೆ ಸುತ್ತಿಕೊಂಡ. ತಿರುಪು ಬಿಗಿದು ನನ್ನ ಮೂಗಿನ ಮೇಲೆ ಅವನೇ ಕೂರಿಸಿದ.

"ಈಗ ಕಾಣ್ತದಾ?"

ಆಗಲಾದರೂ ಹೇಳಬಹುದಿತ್ತು. ನಾನು ಹೇಳಿದ್ದೇನು ಗೊತ್ತೇ? "ಕಾಫಿ ಕುಡೀತೀಯಾ?"

ಕುಡಿದು ಹೋದ. ಈಗ ಅವನೂ ಇಲ್ಲ. ಅವನು ಹಾಕಿಕೊಟ್ಟ ಲಿನಕ್ಸ್ ನನ್ನ ಕಂಪ್ಯೂಟರಿನಲ್ಲಿ ಒಂದು ತಕರಾರೂ ಇಲ್ಲದೆ ಓಡುತ್ತಿದೆ. ಇಷ್ಟು ಸರಿಯಾಗಿರುವುದನ್ನು ಅನುಮಾನದಿಂದ ಇಣುಕಿ ನೋಡಲು ಅವನೊಬ್ಬ ಬೇಕಿತ್ತು. ಊರಿಗೆಲ್ಲ ರೈಟರ್ ಆಗಿದ್ದವನನ್ನು ಶಾಲೆಯ ಬೆಂಚಿನಿಂದಲೂ ಹೆಸರು ಹಿಡಿದು ಕರೆದವನು ನಾನು. ಆ ದಾರ ಬಿಚ್ಚಿದ್ದು ನಾನು ಕಣೋ, ಸಿರಿಲ್.